ಮನೆಗೆ ನಡೆದು ಬರುವ ದಾನ

ಕರಾವಳಿಯಲ್ಲಿರುವ ನಮ್ಮ ಊರಿನ ಇಗರ್ಜಿಯ ಮುಖಮಂಟಪದಲ್ಲಿ, ದೊಡ್ಡ ಬಾಗಿಲಿನ ಎಡಗಡೆಗೆ, ಗೋಡೆಗೆ ತಗುಲಿಸಿದ ಒಂದು ಮರದ ಪೆಟ್ಟಿಗೆಯುಂಟು. ಅದರ ಮೇಲೆ ‘ಬಡವರಿಗಾಗಿ’ ಎಂದು ಬರೆದಿದೆ. ಅದರ ಕೆಳಗೆ ಸಣ್ಣ ಅಕ್ಷರಗಳಲ್ಲಿ ಸಂತ ವಿನ್ಸೆಂಟ್ ದ ಪೌಲ್ ಸಭೆಯ ಹೆಸರು, ಆ ಹೆಸರಿನ ಬಾಲದಲ್ಲಿ ‘ಕಾನ್ಫರೆನ್ಸ್’ ಎಂಬ ಒಂದು ಮಾತು. ಶಾಲೆಗೆ ಹೋಗುವ ದಾರಿಯಲ್ಲಿ ಮಳೆ ಬಂದಾಗಲೆಲ್ಲ ನಾವು ಹುಡುಗರು ಆ ಮಂಟಪದಲ್ಲಿ ನಿಲ್ಲುತ್ತಿದ್ದೆವು. ಓದಲು ಬೇರೇನೂ ಇಲ್ಲದೆ ಆ ಪೆಟ್ಟಿಗೆಯನ್ನೇ ಓದುತ್ತಿದ್ದೆವು. ಕಾನ್ಫರೆನ್ಸ್ ಎಂದರೆ ಪಂಡಿತರು ಕಲೆತು ಚರ್ಚಿಸುವ ಕೂಟ ಎಂಬಷ್ಟು ಇಂಗ್ಲಿಷು ನಮಗೆ ಬರುತ್ತಿತ್ತು. ಅಕ್ಕಿ ಬೇಳೆ ಹಂಚುವವರಿಗೆ ಪಂಡಿತರ ಕೂಟದ ಹೆಸರೇಕೆ? ಈ ಸಂದೇಹಕ್ಕೆ ಉತ್ತರ ದೊರೆಯಲು ನಾನು ಎಂ.ಎ. ಮುಗಿಸಿ, ಕಾಲೇಜಿನಲ್ಲಿ ಪಾಠ ಹೇಳತೊಡಗಿ, ತಲೆ ನರೆಯುವ ತನಕ ಕಾಯಬೇಕಾಯಿತು.

ಕನ್ನಡ ಸಾಹಿತ್ಯ ಬೋಧಿಸಿದವನಿಗೂ ಇಗರ್ಜಿಯ ಪೆಟ್ಟಿಗೆಗೂ ಏನು ನಂಟು ಎಂದು ನೀವು ಕೇಳಬಹುದು. ನಂಟು ಎರಡು ಬಗೆಯದು. ಈ ಸಭೆಯನ್ನು ಹುಟ್ಟುಹಾಕಿದವರಲ್ಲಿ ಮುಖ್ಯನಾದವನು ಮುಂದೆ ಸಾಹಿತ್ಯದ ಪ್ರಾಧ್ಯಾಪಕನಾದವನು ಎಂಬುದು ಒಂದು. ಎರಡನೆಯದು ನನ್ನ ಮನೆಗೆ ಸಂಬಂಧಿಸಿದ್ದು. ಅದನ್ನು ಅದರ ಸ್ಥಳದಲ್ಲಿ ಹೇಳುತ್ತೇನೆ.

ಫ್ರೆಡೆರಿಕ್ ಒಜಾನಾಮ್ ಹುಟ್ಟಿದ್ದು 1813ರ ಏಪ್ರಿಲ್ 23ರಂದು, ಇಟಲಿಯ ಮಿಲಾನ್ ನಗರದಲ್ಲಿ. ಬೆಳೆದದ್ದು ಫ್ರಾನ್ಸಿನ ಲಿಯೋನ್ ಪಟ್ಟಣದಲ್ಲಿ. ಲಿಯೋನ್ ಎಂದರೆ ರೇಷ್ಮೆಯ ಪಟ್ಟಣ. ಅಲ್ಲಿಯ ನೇಕಾರರು ತಕ್ಕ ಕೂಲಿಗಾಗಿ 1831ರಲ್ಲಿ ಒಮ್ಮೆ, 1834ರಲ್ಲಿ ಇನ್ನೊಮ್ಮೆ ದಂಗೆಯೆದ್ದದ್ದು ಚರಿತ್ರೆಯ ಮಾತು. ತಂದೆ ವೈದ್ಯ; ಬಡವರಿಂದ ಹಣ ಕೇಳದ ವೈದ್ಯ. ಆತನೂ ಹೆಂಡತಿಯೂ ಬಡವರ ಮನೆಗಳಿಗೆ ಹೋಗಿ ರೋಗಿಗಳನ್ನು ನೋಡುತ್ತಿದ್ದರು. ವಯಸ್ಸಾದ ಮೇಲೆ, ನಾಲ್ಕು ಅಂತಸ್ತಿಗಿಂತ ಮೇಲೆ ಹತ್ತುವುದಿಲ್ಲವೆಂದು ಇಬ್ಬರೂ ಒಬ್ಬರಿಗೊಬ್ಬರು ಮಾತು ಕೊಟ್ಟರಂತೆ. ಆಮೇಲೊಂದು ದಿನ ಇಬ್ಬರೂ ಅದಕ್ಕಿಂತ ಎತ್ತರದ ಒಂದು ಅಟ್ಟದ ಮನೆಯಲ್ಲಿ ಒಬ್ಬರ ಕಣ್ಣಿಗೊಬ್ಬರು ಬಿದ್ದರಂತೆ. ಇದು ಕಥೆಯಾಗಿ ಬೆಳೆದಿರಬಹುದು. ಆದರೆ ಬಡ ರೋಗಿಯೊಬ್ಬನನ್ನು ನೋಡಹೋದಾಗ ಮೆಟ್ಟಿಲಿನಿಂದ ಬಿದ್ದು 1837ರಲ್ಲಿ ಆ ವೈದ್ಯ ತೀರಿಕೊಂಡದ್ದು ಕಥೆಯಲ್ಲ.

ಇಂಥ ತಂದೆಯ ಮಗ ಕಾನೂನು ಓದಲು ಪ್ಯಾರಿಸ್ಸಿಗೆ ಬಂದನು. 1832ರಲ್ಲಿ ಪ್ಯಾರಿಸ್ಸಿಗೆ ಕಾಲರಾ ಬಡಿಯಿತು. ಆ ಒಂದೇ ನಗರದಲ್ಲಿ 18,000ಕ್ಕೂ ಮಿಕ್ಕಿ ಜನ ಸತ್ತರು. ಸತ್ತವರಲ್ಲಿ ಬಡವರೇ ಹೆಚ್ಚು. ಆ ಕಾಲದಲ್ಲಿ ವಿದ್ಯಾರ್ಥಿಗಳ ಒಂದು ಚರ್ಚಾಕೂಟವಿತ್ತು. ಅದರ ಹೆಸರು ‘ಚರಿತ್ರೆಯ ಕಾನ್ಫರೆನ್ಸ್’. ಎಮ್ಯಾನುಯೆಲ್ ಬಾಯಿ ಎಂಬ ಪತ್ರಿಕಾ ಪ್ರಕಾಶಕ ಅದಕ್ಕೆ ಆಶ್ರಯದಾತ. ಚರಿತ್ರೆ, ಸಾಹಿತ್ಯ, ತತ್ತ್ವಶಾಸ್ತ್ರಗಳ ಮೇಲೆ ಅಲ್ಲಿ ಬಿರುಸಾದ ವಾದ ನಡೆಯುತ್ತಿತ್ತು. ಕ್ರೈಸ್ತಧರ್ಮ ಜಗತ್ತಿಗೆ ಮಾಡಿದ ಉಪಕಾರವನ್ನು ಒಜಾನಾಮ್ ಒಂದು ದಿನ ಸೊಗಸಾಗಿ ವರ್ಣಿಸಿದಾಗ ಎದುರುಪಕ್ಷದ ತರುಣನೊಬ್ಬ ಎದ್ದು ನಿಂತು ಕೇಳಿದ ಪ್ರಶ್ನೆಯ ತಾತ್ಪರ್ಯ ಇದು: ಹಿಂದೆ ಮಾಡಿದ್ದನ್ನು ಒಪ್ಪೋಣ, ಈಗ, ಈ ಊರಿನ ಬಡವರಿಗಾಗಿ, ನೀವು ಏನು ಮಾಡುತ್ತಿದ್ದೀರಿ?

ವಾದದಲ್ಲಿ ಇದಕ್ಕೆ ಉತ್ತರ ಹೇಳುವುದು ಕಷ್ಟವಲ್ಲ. ಒಜಾನಾಮ್ ಒಳ್ಳೆಯ ವಾಗ್ಮಿಯೇ ಆಗಿದ್ದನು. ಆದರೆ ಆ ಪ್ರಶ್ನೆಯನ್ನು ಆತ ವಾದವೆಂದು ಎಣಿಸಲಿಲ್ಲ. ಆತನೂ ಒಬ್ಬ ಗೆಳೆಯನೂ ಚಳಿಗಾಲದಿಂದ ತಮ್ಮಲ್ಲಿ ಉಳಿದಿದ್ದ ಸೌದೆಯನ್ನು ಹೊತ್ತುಕೊಂಡು ಹೋಗಿ ಒಂದು ಬಡಮನೆಗೆ ಕೊಟ್ಟುಬಂದರು ಎಂದು ಹೇಳುತ್ತಾರೆ. 1833ರ ಏಪ್ರಿಲ್ 23ರ ಸಂಜೆ, ಅಂದರೆ ಆತನಿಗೆ ಇಪ್ಪತ್ತು ತುಂಬಿದ ದಿನವೇ, ಬಾಯಿಯ ಪತ್ರಿಕಾ ಕಚೇರಿಯಲ್ಲಿ ಏಳು ಮಂದಿ ಸೇರಿದರು: ಆರು ಜನ ವಿದ್ಯಾರ್ಥಿಗಳು ಮತ್ತು ಬಾಯಿ. ಚರಿತ್ರೆಯ ಕಾನ್ಫರೆನ್ಸಿನ ಬದಲು ಪರೋಪಕಾರದ ಕಾನ್ಫರೆನ್ಸ್ ಎಂದು ತಮ್ಮ ಕೂಟಕ್ಕೆ ಹೆಸರಿಟ್ಟುಕೊಂಡರು. ಹದಿನೇಳನೆಯ ಶತಮಾನದಲ್ಲಿ ಬಡವರಿಗಾಗಿ ದುಡಿದ ವಿನ್ಸೆಂಟ್ ದ ಪೌಲ್‌ನ ಹೆಸರು ಸೇರಿಕೊಂಡದ್ದು ಅನಂತರ. ಮಳೆಗೆ ನಿಂತ ಹುಡುಗನ ಸಂದೇಹಕ್ಕೆ ಸಮಾಧಾನ ಇಲ್ಲಿದೆ. ಅದು ನಿಜವಾಗಿಯೂ ಪಂಡಿತರ ಕೂಟದ ಹೆಸರೇ. ಮಾತು ನಿಂತ ಕಡೆ ಕೆಲಸ ಮೊದಲಾಯಿತು. ಹೆಸರು ಮಾತ್ರ ಹಳೆಯದೇ ಉಳಿಯಿತು.

ಆದರೆ ಬಡವರಿಗೆ ನೆರವಾಗುವುದು ಹೇಗೆಂಬುದು ಈ ತರುಣರಿಗೆ ತಿಳಿದಿರಲಿಲ್ಲ. ಕಲಿಸಿದವರು ರೊಸಾಲಿ ರಾಂದ್ಯು ಎಂಬ ಕನ್ಯಾಸ್ತ್ರೀ. ಪ್ಯಾರಿಸ್ಸಿನ ಮುಫ್ತಾರ್ ಬೀದಿಯ ಸುತ್ತಣ ಕಡುಬಡವರ ಕೇರಿಯಲ್ಲಿ ಬಾಳೆಲ್ಲ ಕಳೆದ ಆಕೆ ಈ ಹುಡುಗರಿಗೆ ಮನೆಗಳ ಪಟ್ಟಿಯನ್ನೂ ರೊಟ್ಟಿಯ ಚೀಟಿಗಳನ್ನೂ ಕೊಟ್ಟರು. ಚೀಟಿಯನ್ನು ಅಂಗಡಿಯಲ್ಲಿ ತೋರಿಸಿದರೆ ರೊಟ್ಟಿ ದೊರೆಯುತ್ತಿತ್ತು. ಚೀಟಿ ಕೊಡುವುದಕ್ಕಿಂತ ಕಷ್ಟವಾದ ವಿದ್ಯೆಯನ್ನೂ ಆಕೆಯಿಂದಲೇ ಅವರು ಕಲಿತರು: ಬಡವನ ಮನೆಗೆ ಹೋದಾಗ ಅವಸರ ಮಾಡದಿರುವುದು, ಕೂತು ಮಾತನಾಡುವುದು, ಅವನ ಮಾತನ್ನು ಕೊನೆಯವರೆಗೆ ಕೇಳುವುದು, ಅವನ ತಪ್ಪುಗಳ ಲೆಕ್ಕವನ್ನು ತೆಗೆಯದಿರುವುದು.

ಇಂದು ಈ ಸಭೆ 150ರಷ್ಟು ದೇಶಗಳಲ್ಲಿದೆ. ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಭಾರತಕ್ಕೆ ಬಂದು, ಕರ್ನಾಟಕದ ಕಥೋಲಿಕ ಇಗರ್ಜಿಗಳಲ್ಲಿಯೂ ನೆಲೆಯೂರಿದೆ. ಆದರೆ ಅದರ ಜೀವವಿರುವುದು ದೊಡ್ಡ ಕಚೇರಿಗಳಲ್ಲಲ್ಲ. ಒಂದೊಂದು ಇಗರ್ಜಿಗೆ ಸೇರಿದ ಹತ್ತು ಹದಿನೈದು ಮಂದಿಯ ಒಂದೊಂದು ಕಾನ್ಫರೆನ್ಸಿನಲ್ಲಿ. ಅದು ನಡೆಯುವ ಬಗೆಯನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು, ಏಕೆಂದರೆ ಅದರ ತತ್ತ್ವವೆಲ್ಲ ಈ ಬಗೆಯಲ್ಲಿಯೇ ಅಡಗಿದೆ.

ಇದರ ಸದಸ್ಯರು ಪಾದ್ರಿಗಳಲ್ಲ, ಸಂನ್ಯಾಸಿಗಳಲ್ಲ. ಅಂಗಡಿಯವರು, ಮಾಸ್ತರರು, ಗುಮಾಸ್ತರು, ಬಡಗಿಗಳು. ಮೊದಮೊದಲು ಗಂಡಸರದೇ ಆಗಿದ್ದ ಈ ಸಭೆಯಲ್ಲಿ ಈಗ ಹೆಂಗಸರೂ ಇದ್ದಾರೆ. ಸಂಬಳವೆಂಬುದಿಲ್ಲ. ರೂಢಿಯಂತೆ ವಾರಕ್ಕೊಮ್ಮೆ ಸೇರುತ್ತಾರೆ. ಮೊದಲು ಪ್ರಾರ್ಥನೆ, ಆಮೇಲೆ ಹಿಂದಿನ ಸಭೆಯ ವರದಿ, ಖಜಾಂಚಿಯ ಲೆಕ್ಕ. ಅನಂತರ ಆ ವಾರ ಯಾರು ಯಾವ ಮನೆಗೆ ಹೋಗಿಬಂದರು, ಅಲ್ಲಿ ಏನು ಕಂಡರು, ಮುಂದೆ ಏನು ಮಾಡಬೇಕು ಎಂಬ ವಿಚಾರ. ಒಂದು ಮನೆಗೆ ಅಕ್ಕಿ ಬೇಕು. ಇನ್ನೊಂದು ಮನೆಯ ಮುದುಕಿಗೆ ಕನ್ನಡಕ ಬೇಕು. ಮತ್ತೊಂದು ಮನೆಯ ಹುಡುಗನ ಶಾಲೆಯ ಫೀಜು ಬಾಕಿ ಇದೆ. ಇರುವ ಹಣದಲ್ಲಿ ಯಾವುದಕ್ಕೆ ಎಷ್ಟು ಎಂದು ನಿಶ್ಚಯಿಸುತ್ತಾರೆ. ಮನೆಗೆ ಹೋಗುವವರು ಸಾಮಾನ್ಯವಾಗಿ ಇಬ್ಬಿಬ್ಬರು. ಇದರಲ್ಲಿ ಜಾಣತನವಿದೆ. ಒಬ್ಬನೇ ಹೋದರೆ ಉಪಕಾರಿ ಆಗಿಬಿಡುವ ಅಪಾಯವುಂಟು. ಇಬ್ಬರು ಹೋದರೆ ನೆಂಟರು ಬಂದಂತಾಗುತ್ತದೆ. ಕಂಡದ್ದನ್ನು ಹೊರಗೆ ಆಡಬಾರದೆಂಬುದು ಕಟ್ಟುನಿಟ್ಟಾದ ನಿಯಮ. ಮತ, ಜಾತಿ ಕೇಳಿ ನೆರವು ಕೊಡಬಾರದೆಂಬುದು ಇನ್ನೊಂದು.

ಸಭೆ ಮುಗಿಯುವ ಮುನ್ನ ಒಂದು ಚೀಲ ಸುತ್ತುಬರುತ್ತದೆ. ಪ್ರತಿಯೊಬ್ಬನೂ ಮುಚ್ಚಿದ ಮುಷ್ಟಿಯನ್ನು ಅದರೊಳಗೆ ಇಳಿಸಿ ತೆಗೆಯಬೇಕು. ಯಾರು ಎಷ್ಟು ಹಾಕಿದರೆಂದು ಇನ್ನೊಬ್ಬರಿಗೆ ಕಾಣಬಾರದು. ಉಳ್ಳವನು ಹತ್ತು ಹಾಕಲಿ, ಇಲ್ಲದವನು ಬರಿಗೈಯನ್ನೇ ಹಾಕಲಿ, ಹೊರಗೆ ಬರುವ ಕೈ ಒಂದೇ ತರಹ. ಬಲಗೈ ಎಡಗೈಗಳ ಗಾದೆಯನ್ನು ನಾವೆಲ್ಲ ಬಲ್ಲೆವು. ಆ ಗಾದೆಗೆ ಒಂದು ಬಟ್ಟೆಯ ಚೀಲ ಹೊಲಿದು ಅದನ್ನು ವಾರ ವಾರ ನಡೆಸಿಕೊಂಡು ಬಂದವರು ಇವರು. ಕೊಡುವವರ ನಡುವೆಯೇ ಮೇಲುಕೀಳು ಉಳಿದರೆ, ಕೊಡುವವನಿಗೂ ಪಡೆಯುವವನಿಗೂ ನಡುವೆ ಸಮಾನತೆ ಎಲ್ಲಿಂದ ಬಂದೀತು?

ಈಗ ನನ್ನ ಮನೆಯ ಮಾತು. 1971ರ ಮಳೆಗಾಲ, ನನಗೆ ಹನ್ನೆರಡು ವರ್ಷ. ಹಂಚಿನ ಕಾರ್ಖಾನೆಯಲ್ಲಿ ದುಡಿಯುತ್ತಿದ್ದ ನನ್ನ ತಂದೆ ಎದೆಯ ಬೇನೆಯಿಂದ ಮಲಗಿ ಎರಡು ತಿಂಗಳಾಗಿತ್ತು. ಕರಾವಳಿಯ ಆಟಿ ತಿಂಗಳೆಂದರೆ ಇದ್ದವರ ಮನೆಯಲ್ಲಿಯೂ ಕೈ ಬಿಗಿಯಾಗುವ ಕಾಲ. ಇಲ್ಲದವರ ಮಾತು ಹೇಳುವಂತಿಲ್ಲ. ಗಂಜಿಯಲ್ಲಿ ಅನ್ನದ ಅಗುಳು ಕಡಿಮೆಯಾಗಿ ನೀರು ಹೆಚ್ಚುತ್ತಿದ್ದುದನ್ನು ನಾವು ಮಕ್ಕಳು ಕಂಡರೂ ಕಾಣದವರಂತೆ ಉಣ್ಣುತ್ತಿದ್ದೆವು. ಒಂದು ಭಾನುವಾರ ಮಧ್ಯಾಹ್ನ, ಛತ್ರಿ ಹಿಡಿದ ಇಬ್ಬರು ನಮ್ಮ ಜಗಲಿಯ ಮುಂದೆ ನಿಂತರು. ಒಬ್ಬರು ಪೇಟೆಯ ದರ್ಜಿ, ಇನ್ನೊಬ್ಬರು ಶಾಲೆಯ ಮಾಸ್ತರರು. ಕ್ರೈಸ್ತರಾದ ಅವರನ್ನು ಊರಿನ ವಾಡಿಕೆಯಂತೆ ನಾವು ಪೊರ್ಬುಗಳು ಎನ್ನುತ್ತಿದ್ದೆವು. ದರ್ಜಿಯ ಮಗ ನನ್ನ ತರಗತಿಯಲ್ಲಿಯೇ ಓದುತ್ತಿದ್ದ.

ಅವರು ಬಂದ ಕಾರಣ ತಿಳಿದಾಗ ಅಮ್ಮ ಬಾಗಿಲ ದಾರಂದ ಹಿಡಿದು ನಿಂತಳು. “ಪೊರ್ಬುಗಳೆ, ನಾವು ನಿಮ್ಮ ಇಗರ್ಜಿಗೆ ಸೇರಿದವರಲ್ಲವಲ್ಲ” ಎಂದಳು. ದರ್ಜಿ ಛತ್ರಿಯನ್ನು ಮಡಿಸಿ ಗೋಡೆಗೆ ಒರಗಿಸಿ, “ಗೊತ್ತುಂಟು ಅಕ್ಕ. ಅವರ ಕೆಮ್ಮು ಹೇಗುಂಟು, ಅದನ್ನು ಹೇಳಿ” ಎಂದರು. ಒಳಗೆ ಬಂದು ತಂದೆಯ ಚಾಪೆಯ ಪಕ್ಕದಲ್ಲಿ ನೆಲದ ಮೇಲೆಯೇ ಕುಳಿತರು. ಅರ್ಧ ಗಂಟೆಗೂ ಮಿಕ್ಕಿ ಕುಳಿತಿರಬೇಕು. ಕಾರ್ಖಾನೆಯ ಮಾತು, ಮಳೆಯ ಮಾತು, ಆ ವರ್ಷ ಮೀನು ಬಾರದ ಮಾತು. ಎರಡು ತಿಂಗಳಿಂದ ಗೋಡೆಯ ಕಡೆಗೆ ಮುಖ ಮಾಡಿ ಮಲಗಿರುತ್ತಿದ್ದ ತಂದೆ ಆ ದಿನ ಎದ್ದು ಕುಳಿತು ಏನೋ ಒಂದು ತಮಾಷೆಯನ್ನೂ ಹೇಳಿದರು. ಹೊರಡುವಾಗ ಮಾಸ್ತರರು ದಿನಸಿ ಅಂಗಡಿಗೆ ಬರೆದ ಒಂದು ಚೀಟಿಯನ್ನು ಅಮ್ಮನ ಹತ್ತಿರ ಇಟ್ಟರು. ಮರುದಿನ ನಾನೇ ಅದನ್ನು ಅಂಗಡಿಗೆ ಒಯ್ದೆ. ಅಂಗಡಿಯವರು ಚೀಟಿಯನ್ನು ಓದಿ, ಮಡಿಸಿ ಪೆಟ್ಟಿಗೆಗೆ ಹಾಕಿ, ನಗದು ಕೊಟ್ಟವರಿಗೆ ತೂಗುವಂತೆಯೇ ಅಕ್ಕಿ ತೂಗಿಕೊಟ್ಟರು. ಮುಫ್ತಾರ್ ಬೀದಿಯ ರೊಟ್ಟಿಯ ಚೀಟಿ ನಮ್ಮ ಊರಿಗೆ ಬಂದು ಕುಚ್ಚಲಕ್ಕಿಯ ಚೀಟಿ ಆಗಿತ್ತೆಂದು ನನಗೆ ಆಗ ತಿಳಿಯುವುದೆಂತು?

ಆಗ ತಿಳಿದದ್ದು ನಾಚಿಕೆಯೊಂದೇ. ದರ್ಜಿಯ ಮಗನಿಗೆ ಇದು ಗೊತ್ತಾಗಿರುತ್ತದೆ, ನಾಳೆಯೋ ನಾಡಿದ್ದೋ ಆಟದಲ್ಲಿ ಜಗಳವಾದಾಗ ಅವನು ಇದನ್ನು ಎತ್ತಿ ಆಡುತ್ತಾನೆ ಎಂದು ನಾನು ದಿನವೂ ಕಾಯುತ್ತಿದ್ದೆ. ಅಕ್ಕಪಕ್ಕದಲ್ಲಿ ಬೇರೊಂದು ಗುಸುಗುಸು ನಡೆದಿತ್ತು: ಇಂದು ಅಕ್ಕಿ, ನಾಳೆ ಜ್ಞಾನಸ್ನಾನ ಎಂದು. ಆ ಇಬ್ಬರು ನಾಲ್ಕು ತಿಂಗಳು ತಪ್ಪದೆ ನಮ್ಮ ಮನೆಗೆ ಬಂದರು. ನಮ್ಮ ದೇವರ ಪಟದ ಕೆಳಗೇ ಕುಳಿತು ಮಾತನಾಡಿದರು. ದೇವರ ಮಾತನ್ನು ಅವರು ಎತ್ತಲಿಲ್ಲ; ನಾವೂ ಎತ್ತಲಿಲ್ಲ.

ದೀಪಾವಳಿಯ ಹೊತ್ತಿಗೆ ತಂದೆ ಮತ್ತೆ ಕೆಲಸಕ್ಕೆ ಹೋಗತೊಡಗಿದರು. ಮೊದಲ ಸಂಬಳ ಬಂದ ವಾರ ಅಮ್ಮ ಎರಡು ಸೇರು ಅಕ್ಕಿಯನ್ನು ಬಟ್ಟೆಯಲ್ಲಿ ಕಟ್ಟಿ ಇಟ್ಟುಕೊಂಡು ಭಾನುವಾರಕ್ಕೆ ಕಾದಳು. ದರ್ಜಿ ಬಂದಾಗ ಗಂಟನ್ನು ಮುಂದಿಟ್ಟಳು. ದರ್ಜಿ ಬೇಡವೆನ್ನಲಿಲ್ಲ. ಇರಲಿ, ನಿಮಗೇ ಬೇಕಾಗುತ್ತದೆ ಎಂಬ ಉಪಚಾರದ ಮಾತನ್ನೂ ಆಡಲಿಲ್ಲ. “ಈ ವಾರ ಒಂದು ಮನೆಗೆ ಬೇಕಿತ್ತು ಅಕ್ಕ, ಒಳ್ಳೆಯದಾಯಿತು” ಎಂದು ಗಂಟನ್ನು ಎತ್ತಿ ಕಂಕುಳಲ್ಲಿ ಇಟ್ಟುಕೊಂಡರು. ಅಮ್ಮನ ಮುಖ ಆ ಗಳಿಗೆಯಲ್ಲಿ ಹೇಗಾಯಿತೆಂಬುದನ್ನು ವರ್ಣಿಸಲು ನನ್ನ ಎಂ.ಎ. ಪದವಿ ಸಾಲದು.

ಬಹಳ ವರ್ಷಗಳ ಮೇಲೆ ಒಜಾನಾಮನ ಜೀವನವನ್ನು ಓದುವಾಗ ಈ ಗಳಿಗೆ ನನಗೆ ಮತ್ತೆ ಎದುರಾಯಿತು. 1839ರಲ್ಲಿ ದಾಂತೆಯ ಮೇಲೆ ಪ್ರಬಂಧ ಬರೆದು ಸಾಹಿತ್ಯದ ಡಾಕ್ಟರೇಟ್ ಪಡೆದ ಆತ, 1844ರಲ್ಲಿ ಸೊರ್ಬಾನ್ ವಿದ್ಯಾಪೀಠದಲ್ಲಿ ವಿದೇಶೀ ಸಾಹಿತ್ಯದ ಪೂರ್ಣ ಪ್ರಾಧ್ಯಾಪಕನಾದನು. 1848 ಫ್ರಾನ್ಸಿನಲ್ಲಿ ಕ್ರಾಂತಿಯ ವರ್ಷ. ಆ ವರ್ಷ ಗೆಳೆಯರೊಡನೆ ‘ಹೊಸ ಯುಗ’ ಎಂಬರ್ಥದ ಹೆಸರಿನ ಒಂದು ಪತ್ರಿಕೆಯನ್ನು ನಡೆಸಿ, ಅದರಲ್ಲಿ ಅವಮಾನಿಸುವ ನೆರವು, ಗೌರವಿಸುವ ನೆರವು ಎಂಬ ವಿಷಯವಾಗಿ ಒಂದು ಲೇಖನ ಬರೆದನು. ಅದರ ಸಾರ ಹೀಗೆ: ಹೊಟ್ಟೆಯ ಹಸಿವು, ಮೈಯ ಚಳಿ ಇಷ್ಟನ್ನೇ ನೋಡಿ ಮೇಲಿನಿಂದ ಕೆಳಗೆ ಎಸೆಯುವ ನೆರವು ಪಡೆದವನನ್ನು ಕುಗ್ಗಿಸುತ್ತದೆ. ಅವನನ್ನು ಮನುಷ್ಯನೆಂದು ಕಂಡು, ಅವನ ಕೈ ಹಿಡಿದು, ಅವನ ದುಃಖದೊಡನೆ ಅವನ ಮಾತಿಗೂ ಬೆಲೆ ಕೊಡುವ ನೆರವು ಅವನನ್ನು ಗೌರವಿಸುತ್ತದೆ. ಇಂದು ಪಡೆದವನು ನಾಳೆ ಕೊಡುವವನಾಗಲು ಎಲ್ಲಿ ದಾರಿ ಇದೆಯೋ ಅಲ್ಲಿ ಗೌರವ ಇದೆ. ನಮ್ಮ ದರ್ಜಿ ಆ ಲೇಖನವನ್ನು ಓದಿರಲಾರರು. ಎರಡು ಸೇರು ಅಕ್ಕಿಯ ಗಂಟನ್ನು ಎತ್ತಿಕೊಳ್ಳುವ ರೀತಿ ಮಾತ್ರ ಅವರಿಗೆ ತಿಳಿದಿತ್ತು. ನಮ್ಮಲ್ಲಿ ಶರಣರು ದಾನವೆಂಬ ಮಾತಿಗಿಂತ ದಾಸೋಹವೆಂಬ ಮಾತನ್ನು ಎತ್ತಿಹಿಡಿದದ್ದೂ ಇದೇ ಸೂಕ್ಷ್ಮವನ್ನು ಕಂಡು ಅಲ್ಲವೆ? ದಾನದಲ್ಲಿ ಕೊಡುವವನು ದೊಡ್ಡವನು. ದಾಸೋಹದಲ್ಲಿ ಕೊಡುವವನೇ ದಾಸ.

ಇಲ್ಲಿ ಒಂದು ಆಕ್ಷೇಪಕ್ಕೆ ಅವಕಾಶವಿದೆ. ಬಡತನ ಇರುವುದು ಸಮಾಜದ ಕಟ್ಟಡದಲ್ಲಿ. ಕೂಲಿ ನ್ಯಾಯವಾಗಿದ್ದರೆ, ಕಾಯಿಲೆಯ ದಿನಗಳಿಗೆ ಆಸರೆಯಿದ್ದರೆ, ಚೀಟಿ ಬರೆಯುವ ಸಭೆ ಏಕೆ ಬೇಕು? ಆಕ್ಷೇಪ ಸರಿಯಾದದ್ದು, ಒಜಾನಾಮನಿಗೂ ಗೊತ್ತಿದ್ದದ್ದು. 1839ರಿಂದ ಲಿಯೋನಿನಲ್ಲಿ ವಾಣಿಜ್ಯದ ಕಾನೂನನ್ನು ಬೋಧಿಸುತ್ತಿದ್ದಾಗಲೇ ಆತ ನ್ಯಾಯವಾದ ಕೂಲಿಯ ಪ್ರಶ್ನೆಯನ್ನು ಎತ್ತಿದ್ದನು. ಪರೋಪಕಾರ ಗಾಯಕ್ಕೆ ಔಷಧಿ ಹಚ್ಚಬಲ್ಲುದು, ಗಾಯವಾಗದಂತೆ ನೋಡಿಕೊಳ್ಳುವುದು ನ್ಯಾಯದ ಕೆಲಸ ಎಂಬುದು ಆತನ ನಿಲುವು. 1848ರಲ್ಲಿ ಶಾಸನಸಭೆಯ ಚುನಾವಣೆಗೂ ನಿಂತು ಸೋತನು. ಅದೇ ವರ್ಷ ಜೂನ್ ತಿಂಗಳಲ್ಲಿ ಪ್ಯಾರಿಸ್ಸಿನ ಕೂಲಿಕಾರರೂ ಸೈನ್ಯವೂ ಬೀದಿಯಲ್ಲಿ ಹೋರಾಡಿದಾಗ, ಸಂಧಿಗೆ ಪ್ರಯತ್ನಿಸಬೇಕೆಂದು ಆರ್ಚ್‌ಬಿಷಪ್ಪರನ್ನು ಕೇಳಿಕೊಂಡವರಲ್ಲಿ ಆತನೂ ಒಬ್ಬ. ಶಾಂತಿಯನ್ನು ಕೋರಿ ಬೀದಿಗೆ ಇಳಿದ ಆ ಧರ್ಮಗುರು ಗುಂಡೇಟಿಗೆ ಬಲಿಯಾದರು. ಇಷ್ಟೆಲ್ಲ ಕಂಡ ಮೇಲೆ, ದಾನದಿಂದಲೇ ಲೋಕ ಸರಿಹೋಗುತ್ತದೆಂಬ ಭ್ರಮೆ ಆತನಲ್ಲಿ ಉಳಿದಿದ್ದೀತೆ? ಆದರೆ ನ್ಯಾಯ ಬರುವ ತನಕ ಗಂಜಿ ಕಾಯಲಾರದು. ಬಡವರ ಮನೆಯ ಒಳಗನ್ನು ಕಾಣದವನು ಬಯಸುವ ನ್ಯಾಯಕ್ಕೂ ಮುಖವಿರುವುದಿಲ್ಲ. ಆದುದರಿಂದ ಪ್ರಾಧ್ಯಾಪಕನಾದ ಮೇಲೂ ಆತ ಮೆಟ್ಟಿಲು ಹತ್ತುವುದನ್ನು ಬಿಡಲಿಲ್ಲ.

ಒಜಾನಾಮ್ ತೀರಿಕೊಂಡದ್ದು 1853ರ ಸೆಪ್ಟೆಂಬರ್ 8ರಂದು, ಮಾರ್ಸೇಲ್ಸ್ ನಗರದಲ್ಲಿ, ನಲವತ್ತರ ವಯಸ್ಸಿನಲ್ಲಿ. 1997ರಲ್ಲಿ ಪೋಪ್ ಎರಡನೆಯ ಜಾನ್ ಪಾಲ್ ಆತನನ್ನು ಪುಣ್ಯಪುರುಷರ ಸಾಲಿಗೆ ಸೇರಿಸಿದರು. ಸೆಪ್ಟೆಂಬರ್ 8 ಎಂದರೆ ನಮ್ಮ ಕರಾವಳಿಯ ಕ್ರೈಸ್ತರಿಗೆ ಮೊಂತಿ ಹಬ್ಬ. ಮಕ್ಕಳು ಹೂವು ತಂದು ಮರಿಯಮ್ಮನಿಗೆ ಅರ್ಪಿಸುತ್ತಾರೆ; ಇಗರ್ಜಿಯಲ್ಲಿ ಹರಸಿದ ಹೊಸ ತೆನೆಯನ್ನು ಮನೆಮನೆಗೆ ಒಯ್ದು, ಅದರ ಕಾಳನ್ನು ಪಾಯಸಕ್ಕೋ ಹಾಲಿಗೋ ಬೆರೆಸಿ ಮನೆಯವರೆಲ್ಲ ಹಂಚಿಕೊಂಡು ಉಣ್ಣುತ್ತಾರೆ. ಆ ದಿನಕ್ಕೂ ಆತನ ಸಾವಿಗೂ ಇರುವ ನಂಟು ಕಾಕತಾಳೀಯ. ಆದರೂ ಆ ಹಬ್ಬ ಬಂದಾಗಲೆಲ್ಲ ನನಗೆ ಎರಡು ಸೇರಿನ ಆ ಗಂಟಿನ ನೆನಪಾಗುತ್ತದೆ.

ದರ್ಜಿ ತೀರಿಕೊಂಡಾಗ ನಾನು ಹೊರ ಊರಿನಲ್ಲಿ ಅಧ್ಯಾಪಕನಾಗಿದ್ದೆ. ಸುದ್ದಿ ತಿಳಿದು ಊರಿಗೆ ಬಂದೆ. ಶವಸಂಸ್ಕಾರ ಮುಗಿದ ಮೇಲೆ ಅವರ ಮಗನ ಪಕ್ಕದಲ್ಲಿ ಕುಳಿತು, ಅಷ್ಟು ವರ್ಷ ನುಂಗಿಕೊಂಡಿದ್ದ ಮಾತನ್ನು ಹೇಳಿದೆ: ಆ ಮಳೆಗಾಲ, ಆ ಚೀಟಿ, ನೀನು ಎಂದಾದರೂ ಎತ್ತಿ ಆಡುವೆಯೆಂಬ ನನ್ನ ಹೆದರಿಕೆ. ಅವನು ನನ್ನನ್ನೇ ನೋಡುತ್ತ ಕುಳಿತ. “ನನಗೆ ಇದು ಗೊತ್ತೇ ಇಲ್ಲವಲ್ಲ! ಅಪ್ಪ ಭಾನುವಾರ ಮಧ್ಯಾಹ್ನ ಛತ್ರಿ ಹಿಡಿದು ಹೊರಡುತ್ತಿದ್ದರು. ಎಲ್ಲಿಗೆ ಎಂದು ಕೇಳಿದರೆ, ಒಂದು ಮನೆಯಲ್ಲಿ ಅಳತೆ ತೆಗೆಯಲಿಕ್ಕುಂಟು ಎನ್ನುತ್ತಿದ್ದರು” ಎಂದ. ನನ್ನ ಬಾಲ್ಯವನ್ನೆಲ್ಲ ಕಾಡಿದ ಭಯಕ್ಕೆ ಆಧಾರವೇ ಇರಲಿಲ್ಲ. ಒಬ್ಬ ಮನುಷ್ಯ ತನ್ನ ಸ್ವಂತ ಮಗನಿಂದ ನನ್ನ ಮಾನವನ್ನು ಕಾಯ್ದಿದ್ದ.

ಕೊನೆಯದಾಗಿ ನನ್ನ ತಪ್ಪೊಂದನ್ನೂ ಹೇಳಬೇಕು. ದಾಸೋಹದ ತತ್ತ್ವವನ್ನು ವರ್ಷ ವರ್ಷವೂ ತರಗತಿಯಲ್ಲಿ ವಿವರಿಸಿದವನು ನಾನು. ಒಂದು ವರ್ಷ ಹಿಂದಿನ ಬೆಂಚಿನ ಹುಡುಗನೊಬ್ಬ ಬರುವುದನ್ನು ನಿಲ್ಲಿಸಿದ. ಹಾಜರಿ ಪುಸ್ತಕದಲ್ಲಿ ಅವನ ಹೆಸರಿನ ಮುಂದೆ ಗೈರುಹಾಜರಿಯ ಗುರುತು ಹಾಕುತ್ತ ಹೋದೆ. ಪರೀಕ್ಷೆ ಮುಗಿದ ಮೇಲೆ ತಿಳಿಯಿತು: ಅವನ ತಂದೆ ಮಲಗಿದ್ದರು, ಹುಡುಗ ಓದು ಬಿಟ್ಟು ಹೋಟೆಲೊಂದರಲ್ಲಿ ಕೆಲಸಕ್ಕೆ ಸೇರಿದ್ದ. ಅವನ ಮನೆ ಕಾಲೇಜಿನಿಂದ ಒಂದು ಮೈಲಿಯೂ ಇರಲಿಲ್ಲ. ಪ್ಯಾರಿಸ್ಸಿನ ಆ ತರುಣನ ಪ್ರಶ್ನೆ ನನ್ನನ್ನು ಕುರಿತದ್ದೇ ಎಂದು ಆ ದಿನ ಅರಿತೆ. ಆದರೆ ಅರಿವು ಬೇರೆ, ಎದ್ದು ಹೊರಡುವುದು ಬೇರೆ. ಎರಡರ ನಡುವೆ ನನ್ನ ಬಾಳಿನ ಬಹುಭಾಗ ಕಳೆದುಹೋಯಿತು.

ನಿವೃತ್ತನಾಗಿ ಊರಿಗೆ ಮರಳಿದ ಮೇಲೆ, ದರ್ಜಿಯ ಮಗನೂ ನಾನೂ ಭಾನುವಾರ ಮಧ್ಯಾಹ್ನಗಳಲ್ಲಿ ಒಂದು ಮನೆಗೆ ಹೋಗಿಬರುತ್ತೇವೆ. ಅವನು ಅವನ ಸಭೆಯವನು, ನಾನು ಯಾವ ಸಭೆಗೂ ಸೇರಿದವನಲ್ಲ. ಯಾರ ಮನೆ ಎಂಬುದನ್ನು ಹೇಳುವಂತಿಲ್ಲ. ಮನೆಯಲ್ಲಿ ಕೇಳಿದರೆ, ಹಳೆಯ ಗೆಳೆಯನೊಡನೆ ಒಂದು ಸುತ್ತು ಗಾಳಿಗೆ ಹೋಗಿದ್ದೆ ಎನ್ನುತ್ತೇನೆ.

(ಬಾನುಲಿ ಭಾಷಣ: ಆಕಾಶವಾಣಿಯ ಕೃಪೆಯಿಂದ)